ನಡಾವಳಿ

ಸಭೆ ಹನ್ನೊಂದಕ್ಕೆ ಎಂದು ನಾನೇ ಟೈಪು ಮಾಡಿದ್ದೆ.
ಹನ್ನೊಂದೂ ಮುಕ್ಕಾಲಿಗೆ ಸಾಹೇಬರು ಬಂದರು,
ಹಿಂದೆಯೇ ಪ್ರೊಜೆಕ್ಟರು, ಅದರ ಹಿಂದೆ
ವೈರು ಹುಡುಕುತ್ತ ಕೆಂಚಪ್ಪ.
ನೂರಡಿ ರಸ್ತೆಯಲ್ಲಿ ಕಬ್ಬಿನ ಲಾರಿ ಕೆಟ್ಟು ನಿಂತಿತ್ತಂತೆ.
ಬರೆದುಕೊಳ್ಳಲಿಲ್ಲ. ನಡಾವಳಿಯಲ್ಲಿ ಸಭೆಗಳು
ಯಾವತ್ತೂ ಹನ್ನೊಂದಕ್ಕೇ ಶುರುವಾಗುತ್ತವೆ.

ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಕೆಲಸ:
ಜನ ಅಂದದ್ದನ್ನು ‘ಎನ್ನಲಾಯಿತು’ ಮಾಡುವುದು.
ಯಾರು ಅಂದರು, ಯಾಕೆ ಅಂದರು, ಗಂಟಲು ಕಟ್ಟಿತ್ತೇ,
ಅದೆಲ್ಲ ಅಕ್ಕಚ್ಚಿನ ಜೊತೆ ಹೊರಟುಹೋಗುತ್ತದೆ.

ಪರದೆಯ ಮೇಲೆ ಕಂಬಗಳೆದ್ದವು, ನೀಲಿ, ಹಸಿರು.
ಈ ವರ್ಷ ಸಾವಿರದ ಎಂಟುನೂರು,
ಬರುವ ವರ್ಷ ಎರಡು ಸಾವಿರದ ಆರುನೂರು,
ಐದನೆಯ ಕಂಬ ಪರದೆ ದಾಟಿ
ಉದುರುತ್ತಿರುವ ಸುಣ್ಣದ ಗೋಡೆ ಹತ್ತಿತು.
‘ದಾಖಲಾತಿಯೇ ನಮ್ಮ ಉಸಿರು’ ಅಂದರು ಸಾಹೇಬರು,
‘ಶುಲ್ಕ ಇದ್ದರೆ ಸಂಬಳ, ಸಂಬಳ ಇದ್ದರೆ ನೀವು.’
ಸುಳ್ಳೇನಲ್ಲ. ಅವರಿಗೂ ಮೇಲಿನಿಂದ ಕಾಗದ ಬರುತ್ತದೆ;
ಆ ಲಕೋಟೆ ಒಡೆಯುವವಳೂ ನಾನೇ.

ರಸಾಯನಶಾಸ್ತ್ರದ ಹೊಂಬಾಳಮ್ಮ ಮೇಡಂ ಎದ್ದರು.
ಚೀಲದಿಂದ ತುದಿ ಮುರಿದ ಬ್ಯುರೆಟ್ಟು ತೆಗೆದು
ವಡೆಯ ತಟ್ಟೆಯ ಪಕ್ಕ ಇಟ್ಟರು.
‘ಇಂಥವು ಹದಿನಾಲ್ಕು. ನೆಟ್ಟಗಿರುವವು ಒಂಬತ್ತು.
ಮಕ್ಕಳು ಅರವತ್ತು, ತೊಂಬತ್ತು ಮಾಡೋಣ ಅಂತೀರಿ.
ಒಬ್ಬಳು ಹನಿ ಬಿಟ್ಟರೆ ಒಂಬತ್ತು ಜನ ಕತ್ತು ಚಾಚಬೇಕು.
ಬಣ್ಣ ತಿರುಗೋ ಗಳಿಗೆ ಇದೆಯಲ್ಲ ಸಾರ್,
ಅದು ನೋಡಿ ಬರೋದಲ್ಲ,
ಬೆರಳಿಗೆ ಗೊತ್ತಾಗಬೇಕು.’

ಯಾರೋ ಕೆಮ್ಮಿದರು. ನನ್ನ ಪೆನ್ನೂ ನಿಂತಿತು.
ಹೋದ ವರ್ಷ ಐವತ್ತನ್ನು ಅರವತ್ತು ಮಾಡಿದಾಗ
ಐವತ್ತಾರನೆಯವಳಾಗಿ ಒಳಗೆ ಬಂದವಳು ನನ್ನ ತಂಗಿಯ ಮಗಳು.
ಅವತ್ತು ಪೇಟೆಬೀದಿಯಲ್ಲಿ ಮೈಸೂರುಪಾಕು ಕೊಂಡವಳು ನಾನು.
ಅವಳೇ ಮೊನ್ನೆ, ಅನ್ನ ಕಲಸುತ್ತ, ಸುಮ್ಮನೆ ಅಂದಳು:
‘ಲ್ಯಾಬಲ್ಲಿ ನಾನು ಹಿಂದಗಡೆ ನಿಂತ್ಕೊತೀನಿ ದೊಡ್ಡವ್ವ,
ಮುಂದಿನೋರ ರೀಡಿಂಗ್ ಬರ್ಕೊತೀನಿ.’

ಜವರಪ್ಪ ಕಿಟಕಿಗೆ ಒರಗಿದ್ದ. ಅರ್ಥಶಾಸ್ತ್ರ, ಅತಿಥಿ ಉಪನ್ಯಾಸಕ.
ಹನ್ನೊಂದು ವರ್ಷ ಉಳಿದ ನೆಂಟನನ್ನು ಯಾರು ಕಂಡಿದ್ದಾರೆ?
ಬೆಳಿಗ್ಗೆ ಮದ್ದೂರಿನ ಕಾಲೇಜು, ಮಧ್ಯಾಹ್ನ ಇಲ್ಲಿ,
ನಡುವೆ ಕೆಂಪು ಬಸ್ಸಿನಲ್ಲಿ ತಿದ್ದಿದ ಉತ್ತರಪತ್ರಿಕೆಗಳು,
ಗೆಜ್ಜಲಗೆರೆಯ ಉಬ್ಬಿನಲ್ಲಿ
ಏಳು ಒಂಬತ್ತಾದದ್ದೂ ಉಂಟಂತೆ, ಅವನೇ ನಗುತ್ತಾನೆ.
ಐದು ತಿಂಗಳ ಗೌರವಧನದ ಬಿಲ್ಲು
ಸಹಿಗೆ ಕಾದು ನನ್ನ ಮೇಜಿನಲ್ಲೇ ಬಿದ್ದಿದೆ.
ಕೈ ಅರ್ಧ ಎತ್ತಿದ.
ಆಮೇಲೆ ಅದೇ ಕೈಯಲ್ಲಿ ತಲೆ ಕೆರೆದುಕೊಂಡ.
ಅರ್ಧ ಎತ್ತಿದ ಕೈಗೆ ನಮ್ಮ ಕಚೇರಿಯಲ್ಲಿ ಪದವಿಲ್ಲ.

ಸಂಜೆ ಕರಡು ಒಯ್ದೆ. ಸಾಹೇಬರು ಕೆಂಪು ಪೆನ್ನು ತೆಗೆದು
‘ಆಕ್ಷೇಪ’ದ ಮೇಲೆ ನಿಧಾನವಾಗಿ ಗೆರೆ ಎಳೆದರು.
ಗದರಲಿಲ್ಲ. ‘ಸಲಹೆ ಅಂತ ಹಾಕಮ್ಮ,
ಓದೋರಿಗೂ ತಣ್ಣಗಿರ್ತದೆ.’
ಹಾಕಿದೆ.
‘ಸದಸ್ಯರ ಸಲಹೆಗಳನ್ನು ಕೂಲಂಕಷವಾಗಿ ಚರ್ಚಿಸಿ
ಸರ್ವಾನುಮತದಿಂದ ಅನುಮೋದಿಸಲಾಯಿತು.’
ಒಂಬತ್ತು ಬ್ಯುರೆಟ್ಟುಗಳೂ ಅನುಮೋದಿಸಿದವು.

ಕಸ ಗುಡಿಸಲು ಬಂದ ತಾಯಮ್ಮ ಮುರಿದ ಗಾಜು ಎತ್ತಿ ಹಿಡಿದು
‘ಇದ ಎಸ್ದುಬುಡ್ಲಾ ಅಕ್ಕ?’ ಅಂದಳು.
ಇರಲಿ, ಪೆನ್ನಿನ ಲೋಟದಲ್ಲಿಡು ಅಂದೆ.

ಕೊನೆಗೆ ಹಾಜರಿದ್ದವರ ಪಟ್ಟಿ. ತಂತಮ್ಮ ಹೆಸರು ಬಿಟ್ಟು
ಯಾರೂ ಅದರಲ್ಲಿ ಏನನ್ನೂ ಓದುವುದಿಲ್ಲ.
ಇಪ್ಪತ್ತೆಂಟನೆಯ ಹೆಸರಿನ ಕೆಳಗೆ
ಅದೇ ಅಕ್ಷರದಲ್ಲಿ, ಅದೇ ಅಂತರದಲ್ಲಿ ಟೈಪಿಸಿದೆ:
‘ಸಭಾಂಗಣದಲ್ಲಿ ಇಪ್ಪತ್ತನಾಲ್ಕು ಕುರ್ಚಿಗಳಿದ್ದುದರಿಂದ
ನಾಲ್ವರು ಸದಸ್ಯರು ಸಭೆ ಮುಗಿಯುವವರೆಗೆ ನಿಂತಿದ್ದರು.’

ಸಹಿಯಾಗಿ ಬಂತು. ಮೊಹರು ಒತ್ತಿದೆ. ಎಂಟು ಪ್ರತಿ ತೆಗೆದೆ.
ಅದರ ಜೊತೆಗೇ ಪಿನ್ನು ಚುಚ್ಚಿ
ಜವರಪ್ಪನ ಬಿಲ್ಲನ್ನೂ ಒಳಗೆ ಕಳಿಸಿದ್ದೆ.
ಅದೊಂದು ಮಾತ್ರ ಇನ್ನೂ ಬಂದಿಲ್ಲ.